ಹಾರಂಗಿಯ ತೀರದಲ್ಲಿ

ಕುಶಾಲನಗರದ ಸಮೀಪ, ಹುದುಗೂರಿನ ಬಳಿ ಹಾರಂಗಿಗೆ ಕಟ್ಟಿದ ಅಣೆಕಟ್ಟನ್ನು ಕಂಡವರಿಗೆ ಕೊಡಗು–ಮೈಸೂರುಗಳ ಹಳೆಯ ವೈರ ನೆನಪಾಗದಿರದು. ಇಲ್ಲಿಂದ ದೂರವೇನೂ ಇಲ್ಲದ ಪಿರಿಯಾಪಟ್ಟಣದ ಕೋಟೆಯಲ್ಲಿ ಟಿಪ್ಪು ಸುಲ್ತಾನನು ಕೊಡಗಿನ ದೊಡ್ಡ ವೀರರಾಜೇಂದ್ರನನ್ನು ಸೆರೆಯಿಟ್ಟಿದ್ದನು. 1788ರಲ್ಲಿ ಅಲ್ಲಿಂದ ಪಾರಾದ ವೀರರಾಜೇಂದ್ರನು ನಾಡನ್ನು ಮರಳಿ ಗಳಿಸಿ, 1790ರಲ್ಲಿ ಇಂಗ್ಲಿಷ್ ಕಂಪೆನಿಯೊಡನೆ ಕೌಲು ಮಾಡಿಕೊಂಡನು. ಮಿತ್ರನೆಂದು ಕೈಹಿಡಿದ ಆ ಕಂಪೆನಿಯೇ 1834ರಲ್ಲಿ ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ನುಂಗಿತು!

ಎರಡು ನಾಡುಗಳನ್ನು ಕಡೆಗೂ ಕೂಡಿಸಿದ್ದು ರಾಜ್ಯಗಳ ಪುನರ್ವಿಂಗಡಣೆ. 1956ರ ನವೆಂಬರ್ 1ರಂದು ಕೊಡಗು ತನ್ನ ಪ್ರತ್ಯೇಕ ರಾಜ್ಯದ ಪದವಿಯನ್ನೂ ಶಾಸನಸಭೆಯನ್ನೂ ತೊರೆದು ಮೈಸೂರಿನೊಡನೆ ಒಂದಾಯಿತು. ಅದೇನು ಅಲ್ಪ ತ್ಯಾಗವೆ? ಅದರ ನೋವು ಕೊಡಗಿನವರ ಮಾತಿನಲ್ಲಿ ಇಂದಿಗೂ ಆಗಾಗ ಇಣುಕುತ್ತದೆ.

ಸುಮಾರು 8.5 ಟಿ.ಎಂ.ಸಿ. ನೀರು ಹಿಡಿಯುವ ಈ ಜಲಾಶಯದಲ್ಲಿ ಮುಳುಗಿದ ನೆಲ ಕೊಡಗಿನದು. ಇದರ ಕಾಲುವೆಗಳಿಂದ ಹಸುರಾದ ಗದ್ದೆಗಳಲ್ಲಿ ಹೆಚ್ಚಿನವು ಹಳೆಯ ಮೈಸೂರು ಸೀಮೆಯವು. ಕೊಡಗಿನ ಅರಸನನ್ನು ಕೂಡಿಹಾಕಿದ್ದ ಪಿರಿಯಾಪಟ್ಟಣದ ಸೀಮೆಗೂ ಇಂದು ಕೊಡಗಿನ ಮಳೆನೀರೇ ಹರಿಯುತ್ತದೆ. ನದಿಗೆ ಬಿಟ್ಟ ನೀರು ಕೂಡಿಗೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಸಂಗಮದಾಚೆ ಇದು ಯಾವ ಹೊಳೆಯ ನೀರೆಂದು ಗುರುತಿಸುವವರಾರು? ಆದರೂ, ಕೊಟ್ಟವರ ನೆನಪು ಪಡೆದವರ ಮನದಲ್ಲಿ ಉಳಿದಷ್ಟು ಕಾಲವೇ ಯಾವ ಒಪ್ಪಂದಕ್ಕಾದರೂ ಬಾಳಿಕೆ.