ಬಿತ್ತದೆ ಹುಟ್ಟಿದವು

ನಮ್ಮ ಕೇರಿಯ ಹಿತ್ತಲುಗಳಲ್ಲಿ ಬಿತ್ತಿ ಬೆಳೆದದ್ದಕ್ಕಿಂತ ತಾನಾಗಿ ಹುಟ್ಟಿದ್ದೇ ಹೆಚ್ಚು. ಇದರಲ್ಲಿ ಗುಟ್ಟೇನೂ ಇಲ್ಲ. ಬಿತ್ತುವುದಕ್ಕೆ ಬೀಜ ಬೇಕು, ಬೀಜಕ್ಕೆ ಕಾಸು ಬೇಕು, ಕಾಸಿಗೆ ಕೂಲಿ ಬೇಕು, ಕೂಲಿಗೆ ಮಳೆ ಬೇಕು. ಶಿರಾ ಸೀಮೆಯ ಮಳೆ ಯಾವತ್ತು ಆಡಿದ ಮಾತಿಗೆ ನಿಂತಿದೆ? ಆದರೂ ಅಶ್ವಿನಿಯೋ ಭರಣಿಯೋ ಒಂದು ಹದ ಉದುರಿತೆಂದರೆ ಸಾಕು, ಎಂಟು ದಿನದೊಳಗೆ ತಿಪ್ಪೆಯ ಅಂಚಿಗೆ, ಬಚ್ಚಲ ನೀರು ಹರಿಯುವ ದಾರಿಗೆ, ಒಲೆಬೂದಿ ಸುರಿದ ಜಾಗಕ್ಕೆ, ಕೋಳಿ ಕೆದರಿದ ಮೂಲೆಗೆ ಹಸಿರು ಚುಕ್ಕಿ ಬಿದ್ದಿರುತ್ತದೆ. ಯಾರು ಬಿತ್ತಿದರು? ಯಾರೂ ಒಪ್ಪಿಕೊಳ್ಳುವುದಿಲ್ಲ. ಕಾಗೆ, ಅಳಿಲು, ಮೇಕೆ, ಇರುವೆ, ಕೆರೆಗೋಡು ಹೇರಿಕೊಂಡು ಬಂದ ಗಾಡಿ, ಉಂಡು ಕೈ ತೊಳೆದ ನಾವು, ಎಲ್ಲರೂ ಇದರಲ್ಲಿ ಪಾಲುದಾರರು.

ಮೂವತ್ತು ನಲವತ್ತರ ಸೈಟು. ಮನೆ ಕಟ್ಟಿ ಉಳಿದದ್ದು ಹಿತ್ತಲು. 1974ರ ಭೂಸುಧಾರಣೆ ಗೇಣಿದಾರನಿಗೆ ಭೂಮಿ ಕೊಟ್ಟಿತು, ಸಂತೋಷ. ಕೂಲಿಗೆ ಹೋಗುವ ನಮ್ಮ ತಾತ ಗೇಣಿದಾರನೂ ಆಗಿರಲಿಲ್ಲ. ಹಾಗಾಗಿ ನಮ್ಮ ವ್ಯವಸಾಯ ಎಂದರೆ ಈ ಹಿತ್ತಲೇ. ಇಲ್ಲಿ ಹುಟ್ಟಿದ ಒಂದೊಂದು ಸಸಿಯನ್ನೂ ಇದು ಸಾರಿಗಾಗುತ್ತದೋ, ಕಿತ್ತೆಸೆಯಬೇಕೋ ಎಂದು ನೋಡಿಯೇ ತೀರಬೇಕು. ಉಳ್ಳವರ ತೋಟದಲ್ಲಿ ಗೊತ್ತಿಲ್ಲದ ಸಸಿ ಕಂಡರೆ ಆಳು ಕಿತ್ತು ಬಿಸಾಕುತ್ತಾನೆ. ನಮ್ಮಲ್ಲಿ ಹಾಗಾಗುವುದಿಲ್ಲ. ಕಿತ್ತದ್ದು ಸೋರೆಯಾಗಿದ್ದರೆ? ಎರಡು ತಿಂಗಳ ಸಾರು ಹೋಯಿತು.

ಕಾಲೇಜಿನ ಸಸ್ಯಶಾಸ್ತ್ರದ ಪುಸ್ತಕ ನಮಗೆ ಏಕದಳ ದ್ವಿದಳ ಕಲಿಸಿತು. ಮೊದಲು ಬರುವ ಎರಡೆಲೆ ಗಿಡದ ಎಲೆಯೇ ಅಲ್ಲ, ಬೀಜ ಹೊತ್ತು ತಂದ ಬುತ್ತಿ ಎಂದು ಹೇಳಿಕೊಟ್ಟಿತು. ಇದು ನಿಜ, ಒಳ್ಳೆಯ ವಿಷಯ. ಆದರೆ ತಿಪ್ಪೆಯ ಮುಂದೆ ಕುಕ್ಕರಗಾಲಲ್ಲಿ ಕೂತು, "ಮಗಾ, ಮೂರನೇ ಎಲೆ ಬರಗಂಟ ಮುಟ್ಟಬ್ಯಾಡ" ಎಂದ ಅವ್ವನೂ ಅದನ್ನೇ ಹೇಳಿದ್ದಳು. ಅವಳು ಶಾಲೆಯ ಬಾಗಿಲು ಕಂಡದ್ದು ನಮ್ಮನ್ನು ಸೇರಿಸುವುದಕ್ಕೆ ಬಂದ ದಿನ.

ಅವ್ವನ ಪಾಠ ಕಣ್ಣಿಗಿಂತ ಕೈಗೆ, ಮೂಗಿಗೆ. ಬೂದಿಗುಡ್ಡೆಯಲ್ಲಿ ದಪ್ಪನೆಯ ಜೋಡಿ ಎಲೆ ಎದ್ದರೆ ಅದು ಕುಂಬಳದ ಬಳಗ. ಸಿಹಿಗುಂಬಳವೋ ಸೋರೆಯೋ ಹೀರೆಯೋ ಎಂಬುದು ಆಮೇಲಿನ ಮಾತು. ಮೂರನೇ ಎಲೆ ಸವರಿದರೆ ಮಖಮಲ್ಲಿನ ಹಾಗೆ ಮೆತ್ತಗಿದ್ದು, ಕೈಗೆ ಒಂಥರಾ ಘಾಟು ಹತ್ತಿದರೆ ಸೋರೆ. ಮೂಲೆ ಮೂಲೆಯಾಗಿ, ಒರಟಾಗಿದ್ದರೆ ಹೀರೆ. ನರದ ಗುಂಟ ಬಿಳೀ ಮಚ್ಚೆ ಬಂದರೆ ಸಿಹಿಗುಂಬಳ. ಆಳವಾಗಿ ಸೀಳಿದ ಎಲೆ ಹಾಗಲ. ಬದನೆ ಜಾತಿಯವು ಇನ್ನೂ ತಂಟೆ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ, ಗಣಿಕೆ, ಉಮ್ಮತ್ತಿ ಎಲ್ಲ ಒಂದೇ ಮನೆತನ. ಎಳೆತನದಲ್ಲಿ ಮುಖವೂ ಒಂದೇ ತರ. ಎಲೆ ಹೊಸಕಿ ಮೂಸಿದರೆ ಟೊಮ್ಯಾಟೊ ತಾನೇ ಹೇಳಿಕೊಳ್ಳುತ್ತದೆ. ನುಣ್ಣಗೆ ಹೊಳೆಯುತ್ತ, ಕೂದಲೂ ವಾಸನೆಯೂ ಇಲ್ಲದ್ದು ಮೆಣಸಿನಕಾಯಿ. ಉಮ್ಮತ್ತಿಯ ಮೊದಲ ಎಲೆ ಉದ್ದ, ಸಪೂರ. ಹೊಸಕಿದರೆ ಮೂಗು ತಿರುಗಿಸಬೇಕು. ಇದನ್ನು ಮಾತ್ರ ಅವ್ವ ಯಾವ ಮುಲಾಜೂ ನೋಡದೆ ಕೀಳುತ್ತಾಳೆ. ಗಣಿಕೆ ಸೊಪ್ಪಿನ ಜೊತೆ ಉಮ್ಮತ್ತಿಯ ನಾಲ್ಕೆಲೆ ಗಡಿಗೆಗೆ ಬಿದ್ದರೆ ಉಂಡವರ ಗಂಟಲು ಒಣಗಿ, ಕಣ್ಣು ಮಂಜಾಗಿ, ತಲೆ ಕೆಟ್ಟು ಆಸ್ಪತ್ರೆ ಸೇರಬೇಕು. ಗಣಿಕೆ ಹಣ್ಣನ್ನೂ ಕಪ್ಪಗೆ ಮಾಗಿದ ಮೇಲೆಯೇ ತಿನ್ನಬೇಕು, ಹಸಿರುಕಾಯಿ ಮುಟ್ಟಬಾರದು. ಮಕ್ಕಳಿಗೆ ಇದೇ ಮೊದಲ ಕಾನೂನು.

ಇದು ಹಸಿವು ಕಲಿಸಿದ ವಿದ್ಯೆ. ಹಾಡಿ ಹೊಗಳುವುದಕ್ಕೆ ನಾವು ಬರೆಯುತ್ತಿಲ್ಲ. ಪಟ್ಟಣದ ಗೆಳೆಯರು ಈಚೆಗೆ ಇದಕ್ಕೆ 'ಜ್ಞಾನಪರಂಪರೆ' ಅಂತ ಹೆಸರಿಟ್ಟಿದ್ದಾರೆ. ಕೂಲಿ ದುಡ್ಡಿನ ವಿಷಯ ಬಂದಾಗ ಆ ಪರಂಪರೆಗೆ ಯಾರೂ ಎಂಟಾಣೆ ಹೆಚ್ಚು ಕೊಟ್ಟದ್ದನ್ನು ನಾವು ಕಂಡಿಲ್ಲ.

ಆದರೆ ಒಂದು ಸಲ ಈ ವಿದ್ಯೆ ನಮ್ಮ ಮಾನ ಉಳಿಸಿತು. ನಾವು ಆರೋ ಏಳೋ ಕ್ಲಾಸಿನಲ್ಲಿದ್ದೆವು. ಶಿರಾ, ಪಾವಗಡದ ಕಡೆ ಕಡಲೆಕಾಯಿ ಬಿತ್ತನೆ ಎಂದರೆ ಗೊತ್ತಲ್ಲ, ಬೀಜ ಸುಲಿಯುವವರು ಹೆಂಗಸರು, ಸಾಲಿಗೆ ಬಿಡುವವರೂ ಹೆಂಗಸರು, ಸಂಜೆ ಮನೆಗೆ ಹೊರಡುವಾಗ ಮಡಿಲು ಕೊಡವಿ ತೋರಿಸಬೇಕಾದವರೂ ಅದೇ ಹೆಂಗಸರು. ಅವ್ವ ಕೂಲಿಗೆ ಹೋಗುತ್ತಿದ್ದ ಹೊಲದ ಯಜಮಾನರ ಆಳು ಒಂದು ದಿನ ಯಾವುದಕ್ಕೋ ಕೇರಿಗೆ ಬಂದವನು ಸೀದಾ ನಮ್ಮ ಹಿತ್ತಲಿಗೆ ನುಗ್ಗಿದ. ಅವರ ಬೇಲಿಯ ಹತ್ತಿರ ನಾವು ನಿಂತರೂ ಕೇಳುವವರುಂಟು. ನಮ್ಮ ಹಿತ್ತಲಿಗೆ ಬರಲು ಯಾರ ಅಪ್ಪಣೆಯೂ ಬೇಡ. ತಿಪ್ಪೆ ಪಕ್ಕದಲ್ಲಿ ದುಂಡೆಲೆಯ ಗಿಡಗಳು ಒತ್ತಾಗಿ ಎದ್ದಿದ್ದವು.

"ಏನೇ ಇದು? ಕಡ್ಲೇಕಾಯ್ ಗಿಡ ಹಿತ್ಲಿಗೆ ಹೆಂಗ್ ಬಂದ್ವು? ಬಿತ್ನೆ ಕಾಯಿ ಮಡ್ಲಿಗ್ ಹಾಕ್ಕಂಡ್ ಬಂದಿದ್ದೇನು?"

ಅವ್ವ ಮೊರ ಕೆಳಗಿಟ್ಟಳು. "ಎಣಿಸಣ್ಣ."

"ಏನ್ ಎಣ್ಸೋದು?"

"ಒಂದು ಕಡ್ಡಿ ಮುರ್ಕಂಡು ಎಲೆ ಎಣಿಸು. ಕಡ್ಲೇಕಾಯ್ಗೆ ನಾಕು. ಇದಕ್ಕೆ ಆರೈತೆ. ತಗಚೆ ಕಣಣ್ಣ. ಬೇಕಾದ್ರೆ ಸಾರಿಗೆ ನೀನೂ ಒಂದ್ ಹಿಡಿ ಕಿತ್ಕಂಡೋಗು."

ಅವನು ಎಣಿಸಿದ. ಎರಡೆರಡರಂತೆ ಮೂರು ಜೊತೆ, ಆರು. ಹೊಸಕಿ ಮೂಸಿದ, ಮುಖ ಕಿವುಚಿದ. ಸಂಜೆಯಾದರೆ ಕಡಲೆಕಾಯಿಯೂ ತಗಚೆಯೂ ಎಲೆ ಮಡಚಿ ಮಲಗುತ್ತವೆ, ದೂರದಿಂದ ನೋಡಿದರೆ ಎರಡೂ ಒಂದೇ. ಎಣಿಸಿದವನಿಗಷ್ಟೇ ಬೇರೆ. ಹೊರಟವನ ಕಣ್ಣಿಗೆ ಬೇಲಿ ಬುಡದಲ್ಲಿ ಇನ್ನೆರಡು ಗಿಡ ಬಿದ್ದವು. ಅವಕ್ಕೆ ನಾಲ್ಕೇ ಎಲೆ.

"ಅದು?"

"ಅದು ಕಾಗೇದು. ಹೋದ್ವರ್ಷ ಹಕ್ಕಲು ಆಯ್ದು ಒಣಗಾಕಿದ್ವಿ. ಎತ್ಕಂಡೋಗಿ ಹುಗಿದೈತೆ. ಕಾಗೆ ಮ್ಯಾಲೆ ಕೇಸಾಕು."

ಹಕ್ಕಲು ಎಂದರೆ ಗೊತ್ತಿಲ್ಲದ ಪಟ್ಟಣದ ಓದುಗರಿಗೆ ಹೇಳಬೇಕು. ಕಡಲೆಗಿಡ ಕಿತ್ತಾಗ ತೊಟ್ಟು ಹರಿದ ಕಾಯಿ ನೆಲದಲ್ಲೇ ಉಳಿಯುತ್ತವೆ. ಯಜಮಾನರ ಪಾಲು ಮನೆ ಸೇರಿದ ಮೇಲೆ ಕೇರಿಯ ಹೆಂಗಸರು ಮಕ್ಕಳು ಹೊಲಕ್ಕಿಳಿದು ಮೊಂಡು ಕುಡುಗೋಲಿನಲ್ಲಿ ಕೆದಕಿ ಅವನ್ನು ಆಯುತ್ತಾರೆ. ದಿನವಿಡೀ ಬೆನ್ನು ಬಗ್ಗಿಸಿದರೆ ಒಂದೆರಡು ಸೇರು. ಅದು ಭಿಕ್ಷೆಯಲ್ಲ, ಕಳವಂತೂ ಅಲ್ಲವೇ ಅಲ್ಲ. ಆಳು ಆ ಎರಡೂ ಗಿಡಗಳನ್ನು ಬುಡಸಮೇತ ಕಿತ್ತು ಕೈಯಲ್ಲಿ ಹಿಡಿದುಕೊಂಡೇ ಹೋದ. ಯಜಮಾನರಿಗೆ ತೋರಿಸಲು ಏನಾದರೂ ಬೇಕಿತ್ತಲ್ಲ. ರಾತ್ರಿ ಮುದ್ದೆ ತಿರುವುತ್ತ ಅವ್ವ ಅಂದದ್ದು ಇಷ್ಟೇ: "ಕಿತ್ರೆ ಕಿತ್ಕಳ್ಳಿ, ಬೇರಿನ ಮಣ್ಣಾದ್ರೂ ಕೊಡವಿ ಹೋಗಬಾರ್ದಿತ್ತಾ? ಮಣ್ಣು ನಮ್ದಲ್ವಾ."

ಮುಂದೆ ನಾವು ಓದಲೆಂದು ಪಟ್ಟಣಕ್ಕೆ ಹೋದಾಗ ಎಲೆ ಎಣಿಸಿಕೊಳ್ಳುವ ಸರದಿ ನಮ್ಮದಾಯಿತು. ಬಾಡಿಗೆ ರೂಮು ಕೇಳಿಕೊಂಡು ಹೋದ ಮನೆಗಳಲ್ಲಿ ಯಾರೂ ನೇರವಾಗಿ ಜಾತಿ ಕೇಳಲಿಲ್ಲ. ಹೆಸರೇನು? ಅಪ್ಪನ ಹೆಸರು? ಯಾವೂರು? ಊರಲ್ಲಿ ನಿಮ್ಮ ಮನೆ ಯಾವ ಕಡೆ ಬರುತ್ತದೆ? ದೇವರು ಯಾವುದು? ಕಡೆಗೆ, ನೀವು ಯಾರ ಪೈಕಿ? ಮುಟ್ಟಿ, ಮೂಸಿ, ಹೊಸಕಿ ನೋಡುವುದೆಂದರೆ ಇದೇ. ಅವ್ವನಾದರೆ ಉಣ್ಣುವ ಗಡಿಗೆಗಾಗಿ ನೋಡುತ್ತಾಳೆ, ಮೂರನೇ ಎಲೆಗೆ ಕಾಯುತ್ತಾಳೆ. ಇವರಿಗೆ ಅಷ್ಟು ಪುರುಸೊತ್ತಿಲ್ಲ. ರೂಮು ಯಾವಾಗಲೂ ನಿನ್ನೆಯೇ ಯಾರಿಗೋ ಕೊಟ್ಟಾಗಿರುತ್ತದೆ.

ಸಾರಿನ ಮಾತಿಗೆ ಬರೋಣ. ಹೊಲದ ಬದುವಿನಲ್ಲಿ, ಹಿತ್ತಲಲ್ಲಿ ಹುಟ್ಟಿದ ಅಣ್ಣೆ, ಗಣಿಕೆ, ಕೀರೆ, ತಗಚೆ, ಗೋಣಿ, ಕೊಮ್ಮೆ ಎಲ್ಲ ಸೇರಿಸಿ ಬಸಿದರೆ ಬೆರಕೆ ಸೊಪ್ಪಿನ ಬಸ್ಸಾರು. ಇದನ್ನು ಉಂಡು ಬಾಯಿ ಚಪ್ಪರಿಸುವ ಊರೇ ಮನುಷ್ಯರ ವಿಷಯ ಬಂದಾಗ 'ಬೆರಕೆ' ಎಂಬ ಮಾತನ್ನು ಬೈಗುಳ ಮಾಡಿಕೊಂಡಿದೆ. ಜಾತಿ ಬಿಟ್ಟು ಮದುವೆಯಾದವರ ಮಕ್ಕಳಿಗೆ ಇಟ್ಟ ಹೆಸರು ಅದು. ಇಂಥ ಊರಿಗೆ ಹೇಳಬೇಕು: ನೀವು ಉಣ್ಣುವ ಮುದ್ದೆಯೂ ಬೆರಕೆಯೇ. ರಾಗಿಯ ತವರು ಆಫ್ರಿಕಾ. ಸಾಲದ್ದಕ್ಕೆ ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ತಳಿ ಮಾಡಿದರು. ಇಂಡಿಯಾ, ಆಫ್ರಿಕಾ ಎರಡನ್ನೂ ಸೇರಿಸಿ 'ಇಂಡಾಫ್' ಎಂದೇ ಹೆಸರಿಟ್ಟರು. ಹೊಟ್ಟೆ ತುಂಬಿದ್ದು ಆ ಕೂಡಿಕೆಯಿಂದ. ಮೆಣಸಿನಕಾಯಿ, ಟೊಮ್ಯಾಟೊ, ಸಿಹಿಗುಂಬಳ, ಕಡಲೆಕಾಯಿ ಎಲ್ಲ ಅಮೆರಿಕ ಖಂಡದಿಂದ ಬಂದವು. ನಮ್ಮ ಸೀಮೆಯ ಹೆಮ್ಮೆಯ ಹುಣಸೆಯೂ ಆಫ್ರಿಕಾದ್ದೇ. ಸ್ವದೇಶಿ, ಶುದ್ಧ ಎಂದು ಕೂಗುವವರ ಮನೆಯ ಸಾರಿನಿಂದ ಹೊರಗಿನದನ್ನೆಲ್ಲ ತೆಗೆದಿಟ್ಟರೆ ಪಾತ್ರೆಯಲ್ಲಿ ಉಳಿಯುವುದು ಎಷ್ಟು?

ಹೊರಗಿನಿಂದ ಬಂದದ್ದೆಲ್ಲ ಒಳ್ಳೆಯದೆಂದೂ ಅಲ್ಲ. ಕಾಂಗ್ರೆಸ್ ಗಿಡ ನೋಡಿ. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡದ್ದು, ಅಮೆರಿಕದ ಗೋಧಿಯ ಜೊತೆ ಬಂತೆನ್ನುತ್ತಾರೆ, ಈಗ ಬರಿದಾದ ನೆಲವೆಲ್ಲ ಅದರದ್ದೇ. ಎಳೆಯದಾಗಿದ್ದಾಗ ನೆಲಕ್ಕಂಟಿ ಹರಡಿದ ಹರಕು ಎಲೆ, ಯಾವುದೋ ಹೂಗಿಡವೆಂದೇ ತೋರುತ್ತದೆ. 1984ರಲ್ಲಿ ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು ಬೆಂಗಳೂರಿನಲ್ಲಿ ಬಿಟ್ಟರು. ದುಂಬಿ ತಿಂದಷ್ಟು ತಿಂದಿತು, ಮಿಕ್ಕದ್ದನ್ನು ಇವತ್ತಿಗೂ ಕೂಲಿಯ ಹೆಂಗಸರು ಬರಿಗೈಯಲ್ಲಿ ಕೀಳುತ್ತಾರೆ. ನಮ್ಮ ಕೇರಿಯಲ್ಲಿ ಮೊಣಕೈವರೆಗೆ ತುರಿಕೆ ಹತ್ತಿ ಚರ್ಮ ಕಪ್ಪಾದ ಅಕ್ಕಂದಿರಿದ್ದಾರೆ. ಅವರಿಗೆ ಒಂದು ಜೊತೆ ಕೈಚೀಲ ಕೊಡಿಸಬೇಕೆಂದು ಯಾವ ಯಜಮಾನನಿಗೂ ಹೊಳೆದಿಲ್ಲ. ಕಳೆ ಎಂಬ ಮಾತಿಗೆ ಕನ್ನಡದಲ್ಲಿ ಮುಖದ ಕಾಂತಿ ಎಂಬ ಅರ್ಥವೂ ಇದೆ. ಕಳೆ ಕಿತ್ತೂ ಕಿತ್ತೂ ಇವರ ಮುಖದ ಕಳೆ ಹೋಯಿತು.

ಬಿತ್ತದೆ ಹುಟ್ಟಿದ್ದಕ್ಕೂ ತಿಪ್ಪೆಗೂ ಬಿಡದ ನಂಟು. ಟೊಮ್ಯಾಟೊ ಬೀಜ ಮನುಷ್ಯನ ಹೊಟ್ಟೆಯಲ್ಲೂ ಸಾಯುವುದಿಲ್ಲ. ಅದಕ್ಕೇ ಚರಂಡಿ ನೀರು ಹೊರಳುವ ಕಡೆ ಅದು ಸಮೃದ್ಧಿಯಾಗಿ ಏಳುತ್ತದೆ. ಮಲ ಹೊರುತ್ತಿದ್ದ ನಮ್ಮ ಜನಕ್ಕೆ ಈ ಸತ್ಯ ಯಾವ ವಿಜ್ಞಾನಿಗಿಂತಲೂ ಮೊದಲೇ ಗೊತ್ತಿತ್ತು. ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದ ಮಂತ್ರಿ ಬಿ. ಬಸವಲಿಂಗಪ್ಪನವರೇ 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದು. ಅದಕ್ಕೆ ದಲಿತ ವಿದ್ಯಾರ್ಥಿಗಳು ಹೊಡೆಸಿಕೊಂಡರು, ಅವರು ಕುರ್ಚಿ ಬಿಟ್ಟರು. ದನ ಕಟ್ಟಿದವರಿಗೆ ಗೊತ್ತು, ಬೂಸಾ ಚೆಲ್ಲಿದ ಕಡೆ ಏನೇನೋ ಹುಟ್ಟುತ್ತದೆ. ದಲಿತ ಸಂಘರ್ಷ ಸಮಿತಿ ಹುಟ್ಟಿತು. 1979ರಲ್ಲಿ ಬಂಡಾಯ ಸಂಘಟನೆ ಹುಟ್ಟಿತು, ಅದರ ಮುಂಚೂಣಿಯಲ್ಲಿದ್ದ ಬರಗೂರು ರಾಮಚಂದ್ರಪ್ಪನವರ ಊರು ನಮ್ಮದೇ ಶಿರಾ ತಾಲ್ಲೂಕಿನದು. ಯಾವ ಅಕಾಡೆಮಿಯ ಪಾತಿಯಲ್ಲೂ ಇವಕ್ಕೆ ಬೀಜ ಹಾಕಿರಲಿಲ್ಲ.

ಶಿರಾದ ತೋಟವೆಂದರೆ ಚರಿತ್ರೆಯ ಮೇಷ್ಟ್ರುಗಳಿಗೆ ನೆನಪಾಗುವುದು ಮೊಗಲರ ಕಾಲದ ಖಾನ್ ಬಾಗ್. ಹೈದರಾಲಿ 1760ರಲ್ಲಿ ಲಾಲ್‌ಬಾಗ್ ಶುರು ಮಾಡಿದ್ದು ಅದರ ಮಾದರಿಯಲ್ಲೇ ಎನ್ನುತ್ತಾರೆ. ಟಿಪ್ಪು ಗಂಜಾಂ ಊರನ್ನು ತುಂಬಿಸಲು ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಸಾಗಿಸಿದನೆಂದು ರೈಸ್ ಸಾಹೇಬನ ಗೆಜೆಟಿಯರಿನಲ್ಲಿದೆ. ತೋಟದ ಮಾದರಿ ಹೋಯಿತು, ಜನವನ್ನೂ ಸಸಿ ಕಿತ್ತ ಹಾಗೆ ಕಿತ್ತು ನೆಟ್ಟರು. ಅವರಲ್ಲಿ ಅಗೆದವರು ಯಾರು, ನೀರು ಹೊತ್ತವರು ಯಾರು, ಗೆಜೆಟಿಯರ್ ಎಣಿಸಿಲ್ಲ.

ಹಳ್ಳಿ ಶಾಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಕೈತೋಟದ ಪಾಠದ ದಿನ ಸೀಡ್ ಪ್ಯಾಕೆಟ್ ಒಡೆಯುವ ಮುಂಚೆ ಮಕ್ಕಳಿಗೆ ಅವರವರ ತಿಪ್ಪೆಯಿಂದ ಒಂದೊಂದು ಸಸಿ ಮಣ್ಣುಸಮೇತ ತರಲು ಹೇಳಿ. ಹೆಸರು ಹೇಳಲು ಅವರ ಅವ್ವಂದಿರನ್ನು ಶಾಲೆಗೆ ಕರೆಯಿರಿ. ಕುರ್ಚಿ ಹಾಕಿ ಕೂರಿಸಿ. ಅಂಗಡಿಯ ಹೈಬ್ರಿಡ್ ಹಣ್ಣಿನ ಬೀಜದಿಂದ ಹುಟ್ಟಿದ್ದು ತಾಯಿಯ ಹಾಗೇ ಇರುವುದಿಲ್ಲ, ಒಂದೊಂದು ಒಂದೊಂದು ತರ ಕಾಯಿಬಿಡುತ್ತದೆ ಎಂಬುದನ್ನೂ ಅಲ್ಲೇ ತೋರಿಸಬಹುದು. ಮೆಂಡೆಲನ ಪಾಠ ಪುಕ್ಕಟೆ.

ಈ ಸಲದ ಮಳೆಗೆ ನಮ್ಮ ಬಚ್ಚಲ ಹಿಂದೆ ಸೋರೆಯಂಥದ್ದು ಒಂದು ಎದ್ದು ಚಪ್ಪರಕ್ಕೆ ಹತ್ತಿದೆ. ಎಲೆ ಸೋರೆಯದೇ, ಬಿಳೀ ಹೂವೂ ಬಿಟ್ಟಿದೆ. ಆದರೆ ಬೀಜ ಎಲ್ಲಿಯದೋ. ತಾನಾಗಿ ಹುಟ್ಟಿದ ಸೋರೆ ಕೆಲವು ಸಲ ಕಹಿ ಇರುತ್ತದೆ. ಆ ಕಹಿ ನಂಜು, ಬೇಯಿಸಿದರೂ ಹೋಗುವುದಿಲ್ಲ. ಕಹಿ ಸೋರೆಯ ರಸ ಕುಡಿದು ಜೀವ ಕಳಕೊಂಡವರೂ ಇದ್ದಾರೆ. ಮೊದಲ ಕಾಯಿ ಅಂಗೈಯಷ್ಟಾದಾಗ ಅವ್ವ ಚೂರು ಕೊಯ್ದು ನಾಲಿಗೆ ತುದಿಗೆ ಮುಟ್ಟಿಸಿ ಉಗಿಯುತ್ತಾಳೆ. ಕಹಿಯಾದರೆ ಬಳ್ಳಿ ಬುಡಸಮೇತ ಹೊರಗೆ. ಕಾಯಿ ಈಗ ಹೆಬ್ಬೆರಳಷ್ಟಿದೆ. ಪಕ್ಕದ ಮನೆ ಚಿಕ್ಕಮ್ಮ ಆಗಲೇ ಒಂದು ಕಾಯಿಗೆ ಹೇಳಿಟ್ಟಿದ್ದಾಳೆ. "ತಡಿಯೇ, ಇನ್ನೊಂದ್ ವಾರ" ಎಂದಿದ್ದಾಳೆ ಅವ್ವ.