ಕುಡಚಿಯಿಂದ ಮುಂದೆ

ರೈಲು ಹತ್ತಲು ಜಮಖಂಡಿಯಿಂದ ಕುಡಚಿಗೆ ಬಸ್ಸಿನಲ್ಲಿ ಹೋಗುವ ನಾನು ಯುರೋಪಿನ ರೈಲುಗಳ ವೇಳಾಪಟ್ಟಿ ಹಿಡಿದು ಕುಳಿತುದನ್ನು ಕಂಡು ಓಣಿಯವರು ನಕ್ಕರೆ ತಪ್ಪಿಲ್ಲ. ಬಾಗಲಕೋಟೆ–ಕುಡಚಿ ಹಳಿಗೆ ಮಂಜೂರಾತಿ ಸಿಕ್ಕದ್ದು 2010ರ ಸುಮಾರಿಗೆ. ಆಗ ಹುಟ್ಟಿದ ಕೂಸಿಗೆ ಈಗ ಮೀಸೆ ಬಂದಿದೆ.

ಮ್ಯೂನಿಕ್ಕಿನಲ್ಲಿರುವ ಮಗಳ ಬಾಣಂತನಕ್ಕೆ ಇಬ್ಬರೂ ಹೊರಟಿದ್ದೇವೆ. ವೀಸಾದವರು 180 ದಿನಗಳಲ್ಲಿ 90 ದಿನ ಇರಗೊಡುತ್ತಾರೆ. ಅದರಲ್ಲಿ ಹತ್ತು ದಿನ ಕದ್ದು ಹೆಂಡತಿಗೆ ವಿಯೆನ್ನಾ, ಪ್ರಾಗ್, ಪ್ಯಾರಿಸ್ ತೋರಿಸಬೇಕೆಂಬುದು ನನ್ನ ಹಂಚಿಕೆ. ವಿಯೆನ್ನಾಕ್ಕೆ ರೈಲಿನಲ್ಲಿ ನಾಲ್ಕು ತಾಸು, ಅಲ್ಲಿಂದ ಪ್ರಾಗಿಗೆ ಮತ್ತೆ ನಾಲ್ಕು. ಮುಂದೆ ಅಗ್ಗದ ವಿಮಾನ. ಅದರ ದರ ಕಂಡು ಹಿಗ್ಗಿದ್ದೆ. ಆಮೇಲೆ ನೋಡಿದರೆ, ಪ್ಯಾರಿಸ್ ಎಂದು ಬರೆದ ನಿಲ್ದಾಣವಿರುವುದು ಬೋವೆ ಎಂಬ ಊರಲ್ಲಿ, ಪ್ಯಾರಿಸ್ಸಿಗೆ ಎಂಬತ್ತು ಕಿಲೋಮೀಟರಿನ ಮೇಲೆ! ಮುಧೋಳದಲ್ಲಿ ಇಳಿಸಿ ವಿಜಯಪುರ ಬಂತೆಂದ ಹಾಗೆ. ಸೀಟಿನಡಿ ಹಿಡಿಸುವ ಚೀಲವೊಂದೇ ಪುಕ್ಕಟೆ. ಮಿಕ್ಕ ಗಂಟಿಗೆಲ್ಲ ಬೇರೆ ರೊಕ್ಕ.

ಅಂಟಿನುಂಡಿ ಕಟ್ಟುತ್ತಿದ್ದ ಹೆಂಡತಿಗೆ ಎಲ್ಲ ಓದಿ ಹೇಳಿದೆ. ಅವಳು ರಬಕವಿಯ ನೇಕಾರರ ಮಗಳು, ಲೆಕ್ಕದಲ್ಲಿ ನನಗಿಂತ ಚುರುಕು.

“ನೀವು ಅಡ್ಡಾಡಿ ಬರ್ರಿ. ನಾ ಕೂಸಿನ ಕೂಡ ಇರ್ತೀನಿ,” ಎಂದಳು.

ಮದುವೆಯ ಹೊಸತರಲ್ಲಿ ಕಾಶ್ಮೀರಕ್ಕೆಂದು ಹೇಳಿ ಅವಳನ್ನು ಬೀಳಗಿಯ ಅಕ್ಕನ ಮನೆಗೆ ಕರೆದೊಯ್ದವನು ನಾನು. ಅಂದೂ ಅವಳು ಹೀಗೆಯೇ ಮೆತ್ತಗೆ ಮಾತಾಡಿದ್ದಳು. ಸುಮ್ಮನೆ ಮೂರು ಊರುಗಳ ಮೇಲೂ ಗೀಟು ಎಳೆದೆ. ಸಾಲ್ಜ್‌ಬರ್ಗ್ ಎರಡು ತಾಸಿನೊಳಗಿನ ದಾರಿ. ಮುಂಜಾನೆ ಹೋಗಿ ಸಂಜೆಗೆ ಬರಬಹುದು ಎಂದೆ.

ಉಂಡಿ ಕಟ್ಟುವ ಕೈ ನಿಂತಿತು. “ಕೂಸಿಗೆ ಎರದ ಮ್ಯಾಲ ಹೊರಡೂ ಗಾಡಿ ಇದ್ರ ನೋಡ್ರಿ,” ಎಂದಳು.

ಅದನ್ನೇ ನೋಡುತ್ತಿದ್ದೇನೆ.