ಸವೆದ ಚಾವಿ

ನಮ್ಮ ಅಬ್ಬಾ ಉರ್ದು ಶಾಲೆಯ ಮಾಸ್ತರು. ನಿವೃತ್ತಿಗೆ ಎರಡು ವರ್ಷ ಇರುವಾಗ, 2003ರಲ್ಲಿ, ಸೊಸೈಟಿಯಲ್ಲಿ ಸಾಲ ತೆಗೆದು ಒಂದು ಹೀರೋ ಹೋಂಡಾ ಸ್ಪ್ಲೆಂಡರ್ ತಂದರು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಅಣ್ಣನಿಗೆ ಮನೆಯ ಮುಂದಿನ ಭಾಗ, ನನಗೆ ಗಾಡಿ ಮತ್ತು ಅಬ್ಬಾರ ಪುಸ್ತಕದ ಕಪಾಟು. ನನಗೇ ಹೆಚ್ಚು ಸಿಕ್ಕಿತೆಂದು ಆಗ ಅಂದುಕೊಂಡಿದ್ದೆ.

2014ರ ಬೇಸಿಗೆಯಲ್ಲಿ ದಾವಣಗೆರೆಯ ಒಂದು ಶಾದಿಮಹಲಿನ ಮುಂದೆ ಅದನ್ನು ನಿಲ್ಲಿಸಿ, ಹ್ಯಾಂಡಲ್ ಲಾಕ್ ಹಾಕಿ, ವಲೀಮಾ ಊಟಕ್ಕೆ ಹೋದೆ. ಕೈತೊಳೆದು ಹೊರಬಂದಾಗ ಗಾಡಿ ನಿಂತಿದ್ದ ಜಾಗದಲ್ಲಿ ಎರಡು ತೊಟ್ಟು ಎಣ್ಣೆ ಮಾತ್ರ ಇತ್ತು. ಮೊದಲು ಅನುಮಾನ ಬಂದದ್ದು ನನ್ನ ಮೇಲೆಯೇ. ಇಲ್ಲೇ ನಿಲ್ಲಿಸಿದ್ದೆನೋ, ಆ ಗಲ್ಲಿಯಲ್ಲೋ ಎಂದು ಅರ್ಧ ಗಂಟೆ ಸುತ್ತಾಡಿದೆ.

ಸ್ಟೇಷನ್ನಿನಲ್ಲಿ ದೂರು ಬರೆದುಕೊಳ್ಳುವವರನ್ನೂ ರೈಟರ್ ಎಂದೇ ಕರೆಯುತ್ತಾರೆ. ಅಲ್ಲಿ ಬೆಲೆ ಇದ್ದದ್ದು ಅವರ ಬರಹಕ್ಕೆ. ಆರ್‌ಸಿ, ಎಂಜಿನ್ ನಂಬರು, ಚಾಸಿ ನಂಬರು ಎಲ್ಲ ಬರೆದುಕೊಂಡು ಕೇಳಿದರು: "ಚಾವಿ ನಿಮ್ಮನ್ನ ಬಿಟ್ರೆ ಇನ್ಯಾರ ಕೈಗೆ ಹೋಗಿತ್ತು?"

ಎಂಟು ದಿನದ ಹಿಂದೆ ಗಾಡಿಯನ್ನು ಗ್ಯಾರೇಜಿನಲ್ಲಿ ಚಾವಿ ಸಮೇತ ಬಿಟ್ಟುಬಂದಿದ್ದೆ. ಉಸ್ತಾದ್ ಊರಿಗೆ ಹೋಗಿದ್ದರಿಂದ ಕೆಲಸ ಕಲಿಯುತ್ತಿದ್ದ ಹುಡುಗ ಅದನ್ನು ಎರಡು ದಿನ ಇಟ್ಟುಕೊಂಡಿದ್ದ. ಅದನ್ನು ಹೇಳಿದೆ. "ಅವನ ಮೇಲೆ ಡೌಟಿದೆಯಾ?" ಎಂದರು. "ಹೇಳೋಕೆ ಬರಲ್ಲ ಸಾರ್" ಎಂದೆ. ಇಲ್ಲ ಎನ್ನಬಹುದಾಗಿತ್ತು.

ಅವನನ್ನು ಅಂದು ರಾತ್ರಿಯೇ ಕರೆದುಕೊಂಡು ಹೋದರು. ಮಾರನೆಯ ಬೆಳಿಗ್ಗೆ ಉಸ್ತಾದ್ ನಮ್ಮ ಮನೆಗೆ ಬಂದ. ಬೈಯಲಿಲ್ಲ, ಚಹಾವನ್ನೂ ಮುಟ್ಟಲಿಲ್ಲ. "ಭಾಯ್‌ಸಾಬ್, ಗ್ಯಾರೇಜಿನ ಹುಡುಗ, ಅದೂ ನಮ್ಮ ಮೊಹಲ್ಲಾದವನು. ಒಂದ್ಸಲ ಆ ಮೆಟ್ಟಿಲು ಹತ್ತಿದರೆ ಮುಂದೆ ಊರಲ್ಲಿ ಯಾರ ಗಾಡಿ ಹೋದರೂ ಇವನನ್ನೇ ಕರೀತಾರೆ" ಎಂದ. ಇಬ್ಬರೂ ಹೋದೆವು. ಅನುಮಾನವಿಲ್ಲ ಎಂದು ಬರೆದುಕೊಟ್ಟೆ. ಹೊರಗೆ ಕಟ್ಟೆಯ ಮೇಲೆ ಹುಡುಗನ ತಾಯಿ ಕುಳಿತಿದ್ದಳು. ನಾನು ಆ ಕಡೆ ನೋಡದೆ ಬಂದೆ.

ವಿಮೆಯ ಕಥೆ ಚಿಕ್ಕದು. ನಾನು ಕಟ್ಟುತ್ತಿದ್ದದ್ದು ಥರ್ಡ್ ಪಾರ್ಟಿ ಮಾತ್ರ. ಅದು ನಮ್ಮ ಗಾಡಿ ಬೇರೆಯವರಿಗೆ ಗುದ್ದಿದರೆ ಆಗುವ ನಷ್ಟಕ್ಕೆ, ಕಳವಾದರೆ ಬಿಡಿಗಾಸೂ ಬರುವುದಿಲ್ಲ. ಪೂರ್ತಿ ವಿಮೆ ಇದ್ದವರೂ ತಡಮಾಡದೆ ಕಂಪನಿಗೆ ತಿಳಿಸಿ, ಎಫ್‌ಐಆರ್ ಜೊತೆ ಎರಡೂ ಚಾವಿ ಒಪ್ಪಿಸಬೇಕು. ಒಂದು ಕಳೆದುಹೋಗಿದ್ದರೆ ಅಲ್ಲಿಂದಲೇ ತಕರಾರು ಶುರು.

ಮೂರು ವಾರದ ಮೇಲೆ ಗಾಡಿ ಹರಿಹರದ ಆಚೆ ರಸ್ತೆಬದಿಯಲ್ಲಿ ಸಿಕ್ಕಿತು. ಬ್ಯಾಟರಿ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಹ್ಯಾಂಡಲ್ ಕೆಳಗಿನ ಕೊಳವೆಯ ಮೇಲೆ ಒತ್ತಿದ ಚಾಸಿ ನಂಬರಿನಿಂದ ಗುರುತು ಹಿಡಿದರು. ವಶಪಡಿಸಿಕೊಂಡ ವಾಹನಗಳನ್ನು ಸ್ಟೇಷನ್ನಿನಲ್ಲಿ ಬಹುಕಾಲ ಕೊಳೆಸಬಾರದು, ಬಾಂಡ್ ಬರೆಸಿಕೊಂಡು ಕೊಟ್ಟುಬಿಡಬೇಕೆಂದು 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೂ ಯಾವ ಸ್ಟೇಷನ್ನಿನ ಹಿತ್ತಲಿಗಾದರೂ ಹೋಗಿ ನೋಡಿ, ಸೀಟಿನೊಳಗೆ ಹುಲ್ಲು ಬೆಳೆದ ಗಾಡಿಗಳು ಸಿಗುತ್ತವೆ. ನನ್ನದು ಕೋರ್ಟಿನ ಮೂಲಕ ಒಂದೂವರೆ ತಿಂಗಳಲ್ಲಿ ಬಂತು.

ಆದರೆ ಲಾಕು ಮುರಿದಿರಲಿಲ್ಲ. ಮುರಿದಿಲ್ಲ ಎಂದರೆ ಚಾವಿಯಿಂದಲೇ ತೆಗೆದಿದ್ದಾರೆ, ಅಲ್ಲವೇ? ಪೊಲೀಸರು ಹಾಗೆಂದರು. ನಾಚಿಕೆಯ ಮಾತು, ನನ್ನ ಮನಸ್ಸೂ ಅದನ್ನೇ ಅಂದಿತು.

ಗಾಡಿಯನ್ನು ಗ್ಯಾರೇಜಿಗೆ ತಳ್ಳಿಕೊಂಡು ಹೋದಾಗ ಉಸ್ತಾದನಿಗೆ ಇದು ಹೇಗೆ ತಿಳಿಯಿತೋ ಗೊತ್ತಿಲ್ಲ. ಮೊಳೆಗೆ ತೂಗಿದ್ದ ಹಳೆ ಚಾವಿಗಳ ಗೊಂಚಲು ತೆಗೆದು ಒಂದೊಂದನ್ನೇ ಹಾಕಿ ತಿರುಗಿಸಿದ. ಮೂರನೆಯದಕ್ಕೆ ಹ್ಯಾಂಡಲ್ ಬಿಟ್ಟಿತು, ಲೈಟೂ ಹತ್ತುವ ಕಡೆಗೆ ತಿರುಗಿತು. ಹನ್ನೊಂದು ವರ್ಷ ತಿರುಗಿಸಿ ತಿರುಗಿಸಿ ಚಾವಿಯ ಹಲ್ಲೂ, ಲಾಕಿನೊಳಗಿನ ಹಿತ್ತಾಳೆ ತಗಡುಗಳೂ ಸವೆದುಹೋಗಿದ್ದವು. ನನಗೆ ಇದು ಗೊತ್ತಿತ್ತು! ಒಂದು ವರ್ಷದಿಂದ ಎಂಜಿನ್ ಓಡುತ್ತಿರುವಾಗಲೇ ಚಾವಿ ಕಿತ್ತು ಕೈಗೆ ಬರುತ್ತಿತ್ತು. ಗೆಳೆಯರಿಗೆ ಅದನ್ನು ಜಾದೂವಿನಂತೆ ತೋರಿಸಿ ನಗಿಸುತ್ತಿದ್ದೆ.

ಹೊಸ ಲಾಕ್‌ಸೆಟ್‌ಗೆ ಕೆಲವು ನೂರು ರೂಪಾಯಿ. ಉಸ್ತಾದ್ ಅಂದು ಹೇಳಿಕೊಟ್ಟ ಇನ್ನೆರಡು ಉಪಾಯ ಇವತ್ತಿಗೂ ಪಾಲಿಸುತ್ತೇನೆ. ರಾತ್ರಿ ನಿಲ್ಲಿಸುವಾಗ ಪೆಟ್ರೋಲ್ ಕಾಕ್ ಬಂದ್ ಮಾಡುವುದು. ಕಾರ್ಬುರೇಟರಿನಲ್ಲಿ ಉಳಿದ ಎಣ್ಣೆಯಲ್ಲಿ ಗಾಡಿ ಸ್ವಲ್ಪ ದೂರ ಹೋಗಿ ನಿಲ್ಲುತ್ತದೆ, ಜನರಿರುವ ಬೀದಿಯಲ್ಲಿ ಕಳ್ಳ ಅದನ್ನು ಕಿಕ್ ಹೊಡೆಯುತ್ತ ನಿಲ್ಲುವುದಿಲ್ಲ. ಎರಡನೆಯದು, ಚಕ್ರಕ್ಕೆ ಸುತ್ತಿದ ಸರಪಳಿಯನ್ನು ಕಂಬಕ್ಕೂ ಸೇರಿಸುವುದು. ಬರೀ ಚಕ್ರಕ್ಕೆ ಬೀಗ ಹಾಕಿದರೆ ಇಬ್ಬರು ಎತ್ತಿ ಟೆಂಪೋಗೆ ಹಾಕಿಕೊಳ್ಳುತ್ತಾರೆ. ಹ್ಯಾಂಡಲ್ ಲಾಕ್ ಎಂಬುದು ಬೆರಳಿನಂಥ ಒಂದು ಗೂಟ, ಜೋರಾಗಿ ಒದ್ದರೆ ಮುರಿಯುತ್ತದೆ.

ಕಾರಿನವರ ಕಷ್ಟ ಬೇರೆ. ಚಾವಿಯೊಳಗೆ ಚಿಪ್ ಬಂದ ಮೇಲೆ ತಂತಿ ಜೋಡಿಸಿ ಸ್ಟಾರ್ಟ್ ಮಾಡುವ ಕಾಲ ಹೋಯಿತು. ಆದರೆ ಚಾವಿ ಜೇಬಿನಲ್ಲಿದ್ದರೆ ಸಾಕು ಎನ್ನುವ ಕಾರುಗಳಿಗೆ, ಮನೆಯೊಳಗಿನ ಚಾವಿಯ ಸಂಕೇತವನ್ನು ಹೊರಗಿನಿಂದ ಹಿಡಿದು ಕಾರಿಗೆ ತಲುಪಿಸುವ ಕಳ್ಳರು ಹುಟ್ಟಿದ್ದಾರೆ. ಅಂಥ ಚಾವಿಯನ್ನು ಬಾಗಿಲ ಪಕ್ಕ ತೂಗುಹಾಕದೆ, ಮುಚ್ಚಳ ಬಿಗಿಯಾದ ತಗಡಿನ ಡಬ್ಬಿಯಲ್ಲಿಡುವುದು ಒಳ್ಳೆಯದು. ಎಂಜಿನ್ ಬಂದ್ ಮಾಡದೆ ಹಾಲು ತರಲು ಇಳಿಯುವವರಿಗೆ ಯಾವ ಚಿಪ್ ಏನು ಮಾಡೀತು?

ಆ ಹುಡುಗ ಈಗ ರಿಂಗ್ ರಸ್ತೆಯಲ್ಲಿ ಸ್ವಂತ ಗ್ಯಾರೇಜು ಹಾಕಿದ್ದಾನೆ. ಕೈಯಲ್ಲಿ ಕಸಬಿದೆ, ಸ್ಪ್ಲೆಂಡರನ್ನು ಅವನಿಗೇ ತೋರಿಸುತ್ತೇನೆ. ಬೇರೆಯವರ ಗಾಡಿಗಳು ಅಲ್ಲಿ ಎರಡು ದಿನ, ನಾಲ್ಕು ದಿನ ನಿಂತಿರುತ್ತವೆ. ನಾನು ಹೋದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದುಬರುತ್ತಾನೆ. ಚಾವಿ ಚಾಚಿದರೆ ಮುಟ್ಟುವುದಿಲ್ಲ. "ನಿಮ್ಮ ಹತ್ರಾನೇ ಇರಲಿ ಚಾಚಾ, ಕೂತ್ಕೊಳ್ಳಿ, ಈಗ್ಲೇ ಮಾಡಿಕೊಡ್ತೀನಿ" ಎಂದು ಸ್ಟೂಲು ಹಾಕುತ್ತಾನೆ. ಕೆಲಸ ಮುಗಿಯುವವರೆಗೂ ಕೂತಿರುತ್ತೇನೆ.